ಮುದಿ ನಾಯಿಗೂ ಇದೆ ಪಶು ಆಸ್ಪತ್ರೆ

ಮದ್ದೂರು ತಾಲ್ಲೂಕಿನ ಆತಗೂರಿನ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಒಂದು ನಾಯಿಯ ದೆಸೆಯಿಂದ. ತಕ್ಕೋಲದ ಕಾಳಗದಲ್ಲಿ ಕಾದಿದ ಮಣಲೆಯರನೆಂಬ ವೀರನಿಗೆ ಗಂಗರ ದೊರೆ ಬೂತುಗ ಮೆಚ್ಚಿ ‘ಏನು ಬೇಕು ಕೇಳು’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕ್ರಿ.ಶ. 949–50ರ ಆ ಆತಕೂರು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಸೀಮೆಯಲ್ಲಿ ಇವತ್ತು ವರ್ಷಗಟ್ಟಲೆ ಮನೆ, ಕೊಟ್ಟಿಗೆ, ಕುರಿಹಟ್ಟಿ ಕಾದ ನಾಯಿ ಕುಂಟತೊಡಗಿದರೆ ‘ವಯಸ್ಸಾಯ್ತು ಬುಡಿ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಪಶು ಆಸ್ಪತ್ರೆ ಇರುವುದು ದನ, ಎಮ್ಮೆ, ಕುರಿಗಳಿಗೆ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಗೇನಿಲ್ಲ. ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳು ನಾಯಿಗಳನ್ನೂ ನೋಡುತ್ತವೆ. ಮಂಡ್ಯದಲ್ಲಿ ಪಾಲಿಕ್ಲಿನಿಕ್, ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಪಶು ಆಸ್ಪತ್ರೆ, ಹೋಬಳಿಗಳಲ್ಲಿ ಚಿಕಿತ್ಸಾಲಯಗಳಿವೆ. ಇಲಾಖೆಯ ಸಹಾಯವಾಣಿ ಸಂಖ್ಯೆ 1962.

ನಾಯಿಗೆ ಏಳೆಂಟು ವರ್ಷವಾಯಿತೆಂದರೆ ಮುಪ್ಪು ಹತ್ತಿರ ಬಂತೆಂದೇ ಲೆಕ್ಕ. ದೊಡ್ಡ ತಳಿಗಳಿಗೆ ಇನ್ನೂ ಬೇಗ. ಬೆಳಿಗ್ಗೆ ಅದು ಏಳುವುದನ್ನು ಗಮನಿಸಿ. ಮುಂಗಾಲು ಊರಿ, ಸೊಂಟ ಎತ್ತಲಾರದೆ ಒಂದು ಗಳಿಗೆ ಹಾಗೇ ಕೂತು, ನಾಲ್ಕು ಹೆಜ್ಜೆ ಎಳೆದುಕೊಂಡು ನಡೆದ ಮೇಲೆ ಸಲೀಸಾಗುತ್ತದೆಯೇ? ಅದು ಸೋಮಾರಿತನವಲ್ಲ, ಕೀಲುನೋವು. ನಾಯಿ ನೋವಿಗೆ ಕೂಗುವುದು ಕಡಿಮೆ, ಸುಮ್ಮನೆ ಮಲಗಿಬಿಡುತ್ತದೆ. ಇದಕ್ಕೆ ಡಾಕ್ಟರ ಹತ್ತಿರ ಔಷಧಿಯಿದೆ. ಆದರೆ ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಕೊಡಲೇಬಾರದು: ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಕೂಡ ಪ್ರಾಣಕ್ಕೆ ಕುತ್ತು.

ಮನೆಯಲ್ಲಿ ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ಬರಿ ಸಿಮೆಂಟು ನೆಲದ ಮೇಲೆ ಮಲಗಿಸದೆ ಮಡಿಸಿದ ಗೋಣಿಚೀಲದ ಮೇಲೆ ಹಳೆ ಕಂಬಳಿ ಹಾಸಿ. ಟೈಲ್ಸ್ ಮೇಲೆ ಕಾಲು ಜಾರುತ್ತಿದ್ದರೆ ಅಲ್ಲೊಂದು ಚಾಪೆ ಇರಲಿ. ಓಡಾಟ ಕಡಿಮೆಯಾದಾಗ ಉಗುರು ಸವೆಯದೆ ಬೆಳೆದು ಒಳಕ್ಕೆ ಬಾಗುತ್ತದೆ, ಕತ್ತರಿಸಿ. ಹಲ್ಲು ಸಡಿಲವಾದ ನಾಯಿಗೆ ಆರಿದ ರಾಗಿಮುದ್ದೆಯನ್ನು ಉಪ್ಪು, ಖಾರ, ಈರುಳ್ಳಿ ಇಲ್ಲದ ಮಾಂಸದ ರಸದಲ್ಲಿ ಕಿವುಚಿ, ನಾಲ್ಕು ತುಂಡು ಮೆತ್ತನೆ ಮಾಂಸವನ್ನೋ ಬೇಯಿಸಿದ ಮೊಟ್ಟೆಯನ್ನೋ ಬೆರೆಸಿ, ಒಂದೇ ಹೊತ್ತಿನ ಬದಲು ಎರಡು ಹೊತ್ತಿಗೆ ಹಂಚಿ ಕೊಡಿ. ಬೆಂದ ಮೂಳೆ ಬೇಡ. ಬೆಲ್ಲ, ಸಿಹಿತಿಂಡಿಯ ಆಸೆಯನ್ನೂ ಹತ್ತಿಸಬೇಡಿ. ಮೈ ಭಾರವಾದಷ್ಟೂ ಕೀಲಿಗೆ ಕಷ್ಟ.

ಕೆಲವು ಲಕ್ಷಣ ಕಂಡರೆ ಕಾಯುವಂತಿಲ್ಲ. ವಿಪರೀತ ನೀರು ಕುಡಿದು ಪದೇ ಪದೇ ಮೂತ್ರ ಮಾಡಿದರೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಉಣ್ಣೆ ಹತ್ತಿದ ನಾಯಿಗೆ ಜ್ವರ ಬಂದು ಮೂಗಿನಲ್ಲಿ ರಕ್ತ ಸುರಿದರೆ ಉಣ್ಣೆಜ್ವರದ ಶಂಕೆ. ಸಂತಾನಹರಣ ಆಗದ ಹೆಣ್ಣುನಾಯಿ ಬೆದೆಗೆ ಬಂದು ಕೆಲವು ವಾರಗಳಲ್ಲಿ ಊಟ ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕಣ್ಣಿನಲ್ಲಿ ತೆಳು ನೀಲಿ ಮಬ್ಬು ಕಂಡ ಮಾತ್ರಕ್ಕೆ ಕುರುಡಾಯಿತೆಂದು ಹೆದರಬೇಕಿಲ್ಲ, ಅದು ಎಷ್ಟೋ ಸಲ ಬರಿ ಮುಪ್ಪಿನ ಗುರುತು.

ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ಮಾತಿದೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಡುತ್ತದೆ. ಕಿವಿ ಕೇಳದ, ಓಡಲಾಗದ ನಾಯಿಯನ್ನು ರಾತ್ರಿ ಹೊರಗೆ ಕಟ್ಟುವುದೆಂದರೆ ಅದಕ್ಕೆ ಬಲಿ ಇಟ್ಟಂತೆ. ಕತ್ತಲಾಗುವ ಮುಂಚೆ ಒಳಗೆ ಕರೆದುಕೊಂಡು ಬಾಗಿಲು ಹಾಕಿ.

ರೇಬೀಸ್ ಲಸಿಕೆಗೆ ವಯಸ್ಸಿನ ರಿಯಾಯಿತಿ ಇಲ್ಲ, ಮುದಿ ನಾಯಿಗೂ ತಪ್ಪದೆ ಹಾಕಿಸಬೇಕು. ಮುಂದಿನ ಸಲ ಹಸುವಿಗೋ ಕುರಿಗೋ ಔಷಧಿ ತರಲು ಪಶು ಆಸ್ಪತ್ರೆಗೆ ಹೊರಟಾಗ ಬಾಗಿಲಲ್ಲಿ ಮಲಗಿರುವ ಮುದಿ ನಾಯಿಯನ್ನೂ ಆಟೋಗೆ ಹತ್ತಿಸಿಕೊಂಡು ಹೋಗಿ ತೋರಿಸಿ.