ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್: ದೋಷ ಪತ್ತೆಯ ಕ್ರಮ

ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ಕೊಂಡ ಹೊಸದರಲ್ಲೇ ತೊಂದರೆ ಕೊಡತೊಡಗಿದರೆ, ಲಕ್ಷಣ ಒಂದೇ ಆದರೂ ಕಾರಣ ಹಲವು ಇರಬಹುದು. ಪಿಕಪ್ ಇಲ್ಲದಿರುವುದಕ್ಕೆ ಕಸ ಕಟ್ಟಿದ ಏರ್ ಫಿಲ್ಟರ್ ಕಾರಣವಿದ್ದೀತು, ಸವೆದ ಪಿಸ್ಟನ್ ರಿಂಗೂ ಕಾರಣವಿದ್ದೀತು. ಮೊದಲನೆಯದು ಕೆಲವು ನೂರು ರೂಪಾಯಿಯ ಮಾತು. ಎರಡನೆಯದಕ್ಕೆ ಎಂಜಿನ್ನೇ ಬಿಚ್ಚಬೇಕು. ಇವೆರಡರಲ್ಲಿ ಯಾವುದು ಎಂದು ತಿಳಿಸುವುದು ಅಳತೆ. ಊಹೆಯ ಮೇಲೆ ಪ್ಲಗ್, ಕಾಯಿಲ್, ಸೆನ್ಸರ್, ಪಂಪ್ ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ.

ಕಾರು ಓಡಿದ ಊರೂ ಎಂಜಿನ್ನಿನ ಮೇಲೆ ಗುರುತು ಬಿಟ್ಟಿರುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಕಾಪುವಿನ ಕಡಲ ಬದಿಯಲ್ಲಿ ಉಪ್ಪುಗಾಳಿ ತಂತಿಯ ತುದಿಗಳನ್ನು ತಿನ್ನುತ್ತದೆ. ಮಣಿಪಾಲದಂಥ ಕಡೆ ಎರಡು-ಮೂರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಕಾರ್ಕಳದಿಂದ ಪೂರ್ವಕ್ಕೆ ಹೊರಟರೆ ಘಟ್ಟದ ಏರು ಎದುರಾಗುತ್ತದೆ. ಹೀಗಾಗಿ ಇಲ್ಲಿನ ಕಾರಿನ ಪರೀಕ್ಷೆಯಲ್ಲಿ ಕೆಲವು ಅಂಶಗಳಿಗೆ ಹೆಚ್ಚಿನ ಗಮನ ಬೇಕು.

ತಣ್ಣಗಿರುವಾಗ ನೋಡಬೇಕಾದದ್ದು

ಪರೀಕ್ಷೆಗೆ ಬೆಳಗಿನ ಹೊತ್ತು ಸೂಕ್ತ. ರಾತ್ರಿಯಿಡೀ ನಿಂತ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಡುವುದಿಲ್ಲ. ಬಾನೆಟ್ ತೆರೆದು ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ, ಬಣ್ಣ, ವಾಸನೆ ನೋಡಬೇಕು. ಪೆಟ್ರೋಲ್ ವಾಸನೆ ಬಂದರೆ ಉರಿಯದ ಇಂಧನ ಸಂಪಿಗೆ ಇಳಿಯುತ್ತಿದೆ ಎಂದರ್ಥ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಕೂಲಂಟ್ ಅಥವಾ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆದರೆ ಮಳೆಗಾಲದಲ್ಲಿ ಸಣ್ಣ ಓಡಾಟದ ಕಾರುಗಳ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಬಿಳಿ ನೊರೆ ಕಟ್ಟುವುದುಂಟು. ಅದು ತೇವ ತಣಿದು ಆದದ್ದು. ಮುಚ್ಚಳದಲ್ಲಿ ನೊರೆಯಿದ್ದು ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧವಾಗಿದ್ದರೆ, ಕಾರನ್ನು ಅರ್ಧ-ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ನೋಡಿದ ಮೇಲೆ ತೀರ್ಮಾನಕ್ಕೆ ಬರಬೇಕು.

ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಬೇಕು. ಒಳಗೆ ತುಕ್ಕು ಬಣ್ಣದ ನೀರಿದ್ದರೆ ಹಿಂದಿನವರು ಕೂಲಂಟ್ ಬದಲು ಬರೀ ನೀರು ತುಂಬಿಸಿದ್ದಾರೆ ಎಂದು ತಿಳಿಯಬಹುದು. ಮೇಲೆ ಎಣ್ಣೆ ಪದರ ತೇಲುತ್ತಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ ಕಡೆಗೇ ಬೊಟ್ಟು.

ಏರ್ ಫಿಲ್ಟರ್ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದು ಕರಾವಳಿಯಲ್ಲಿ ಬಹು ಮುಖ್ಯ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಸುರಿದ ಭಾರೀ ಮಳೆಗೆ ನಗರದ ತಗ್ಗು ಪ್ರದೇಶಗಳು ಜಲಾವೃತವಾದವು. ಅಂಥ ನೆರೆಯಲ್ಲಿ ಮುಳುಗಿದ ಕಾರು ತೊಳೆದು ಒರೆಸಿದ ಮೇಲೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಒಣಗಿದ ಕೆಸರು, ಸೀಟಿನ ಹಳಿಗಳಲ್ಲಿ ತುಕ್ಕು, ವಯರಿಂಗ್ ಕನೆಕ್ಟರ್‌ಗಳೊಳಗೆ ಹಸಿರು ಕಿಲುಬು ಇದ್ದರೆ ನೀರು ಎಲ್ಲಿಯವರೆಗೆ ಏರಿತ್ತೆಂದು ಊಹಿಸಬಹುದು. ಎಂಜಿನ್ ನೀರು ಎಳೆದುಕೊಂಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಲೂಬಹುದು. ನೀರನ್ನು ಅದುಮಲು ಪಿಸ್ಟನ್‌ಗೆ ಸಾಧ್ಯವಿಲ್ಲ.

ಸೆಲ್ಫ್, ಬ್ಯಾಟರಿ, ಹೊಗೆ

ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.5. ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ಅರ್ತ್ ವಯರ್ ಪರೀಕ್ಷಿಸಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿನಷ್ಟು ಕಂಡರೆ ಸಂಪರ್ಕ ಕಿಲುಬು ಹಿಡಿದಿದೆ. ಉಪ್ಪುಗಾಳಿಯ ಊರುಗಳಲ್ಲಿ ಇದು ಸಾಮಾನ್ಯ. ತುದಿಯನ್ನು ಉಜ್ಜಿ ಬಿಗಿದರೆ ಎಷ್ಟೋ ಸಲ ಸ್ಟಾರ್ಟಿಂಗ್ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರ್ ಬಳಿ ನಿಂತು ಹೊಗೆ ನೋಡಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಇಂಧನ ಹೆಚ್ಚಾದ ಗುರುತು. ಬಿಳಿ ಹೊಗೆ ಮಳೆಗಾಲದ ಬೆಳಗ್ಗೆ ಕೆಲವು ನಿಮಿಷ ಬಂದು ಮಾಯವಾದರೆ ಅದು ಬರೀ ಹಬೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ.

ಸ್ಕ್ಯಾನರ್ ಹೇಳುವುದು

ಭಾರತದಲ್ಲಿ 2013ರ ನಂತರ ತಯಾರಾದ ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆ ಇರುತ್ತದೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳು ಸಿಗುತ್ತವೆ. ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ಮಿಸ್ಸಿಂಗ್, ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ. ಇವು ಲಕ್ಷಣದ ಹೆಸರುಗಳೇ ಹೊರತು ಕೆಟ್ಟ ಬಿಡಿಭಾಗದ ಹೆಸರುಗಳಲ್ಲ. ಪಿ0171 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ. ನಿಜವಾದ ಕಾರಣ ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಆಗಿರಬಹುದು.

ಕೋಡ್ ಒಂದೂ ಇಲ್ಲದಿದ್ದರೆ ಕಾರು ನಿರ್ದೋಷಿ ಎಂದು ನಂಬಬಾರದು. ಮಾರುವ ಮುನ್ನ ಯಾರಾದರೂ ಕೋಡ್ ಅಳಿಸಿದ್ದರೆ ಸ್ಕ್ಯಾನರಿನ ‘ರೆಡಿನೆಸ್’ ಪುಟ ಅದನ್ನು ತೋರಿಸಿಕೊಡುತ್ತದೆ. ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ‘ಅಪೂರ್ಣ’ ಎಂದಿದ್ದರೆ ದಾಖಲೆ ಇತ್ತೀಚೆಗೆ ಅಳಿಸಿದೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಒಂದೆರಡು ದಿನ ಊರಲ್ಲೂ ಹೆದ್ದಾರಿಯಲ್ಲೂ ಓಡಿಸಿ ಮತ್ತೆ ಓದಿದರೆ ಅಡಗಿದ್ದ ಕೋಡ್ ಹೊರಬರುತ್ತದೆ.

ಮಿಸ್ಸಿಂಗ್

ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗಿದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಮೊದಲು ಗುರುತಿಸಬೇಕು. ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದರದನ್ನು ಇಲ್ಲಿಗೆ ತಂದು ನೋಡಿದಾಗ ದೋಷವೂ ಕಾಯಿಲ್ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಶನ್ ಕಡೆ ತಿರುಗಬೇಕು. ಈ ಅದಲುಬದಲಿಗೆ ಖರ್ಚಿಲ್ಲ.

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಬೇಕು. ತುದಿ ತಿಳಿ ಕಂದಾಗಿದ್ದರೆ ಉರಿತ ಸರಿಯಿದೆ. ಒಣ ಕರಿ ಇಂಧನ ಹೆಚ್ಚಾದುದನ್ನೂ, ಎಣ್ಣೆ ಜಿಡ್ಡು ರಿಂಗ್ ಅಥವಾ ವಾಲ್ವ್ ಸೀಲ್ ಸವೆದುದನ್ನೂ, ಸುಟ್ಟ ಬಿಳುಪು ಅತಿ ಬಿಸಿಯನ್ನೂ ಹೇಳುತ್ತವೆ. ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಆದರೆ, ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ ಹಳೆಯ ಹೈಟೆನ್ಶನ್ ವಯರುಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿದರೆ ಕಿಡಿ ಸೋರುವ ಜಾಗ ಕಣ್ಣಿಗೇ ಕಾಣುತ್ತದೆ. ಆಗ ವಯರನ್ನು ಕೈಯಿಂದ ಮುಟ್ಟಬಾರದು.

ಕಂಪ್ರೆಶನ್ ಪರೀಕ್ಷೆ

ಎಂಜಿನ್ನಿನ ಒಳಗಿನ ಆರೋಗ್ಯ ತಿಳಿಸುವುದು ಕಂಪ್ರೆಶನ್ ಗೇಜ್. ಎಂಜಿನ್ ಬಿಸಿ ಮಾಡಿ, ಎಲ್ಲಾ ಪ್ಲಗ್ ತೆಗೆದು, ಇಂಧನ ಮತ್ತು ಕಿಡಿ ಎರಡನ್ನೂ ತಡೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಲ್ಲಿ 150ರಿಂದ 190 ಪಿಎಸ್‌ಐ ಬರುತ್ತದೆ. ಖಚಿತ ಅಂಕಿ ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸಿಲಿಂಡರುಗಳ ನಡುವಿನ ಸಮತೋಲನಕ್ಕೂ ಅಷ್ಟೇ ಬೆಲೆಯಿದೆ. ವ್ಯತ್ಯಾಸ ಶೇ. 10–15ರೊಳಗೆ ಇರಬೇಕು.

ನಾಲ್ಕು ಸಿಲಿಂಡರಿನ ಎಂಜಿನ್ನೊಂದು 170, 168, 115, 172 ತೋರಿಸಿತು ಎನ್ನೋಣ. ಮೂರನೆಯದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ 155ಕ್ಕೆ ಏರಿದರೆ ರಿಂಗ್ ಸವೆದಿದೆ. ಆಯಿಲ್ ಪಿಸ್ಟನ್ ಸುತ್ತಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದ್ದರಿಂದ ಅಂಕಿ ಏರಿತು. 115ರಲ್ಲೇ ನಿಂತರೆ ಸೋರಿಕೆ ಮೇಲಿದೆ, ಅಂದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಒಟ್ಟಿಗೆ ಇಳಿದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಡೀಸೆಲ್ ಎಂಜಿನ್ನಿನ ಒತ್ತಡ ಇದರ ಎರಡು ಪಟ್ಟಿಗೂ ಮೀರಿದ್ದು. ಅದಕ್ಕೆ ಬೇರೆಯೇ ಗೇಜ್ ಬೇಕು.

ಘಟ್ಟದ ಏರಿನಲ್ಲಿ

ಸಪಾಟು ರಸ್ತೆಯಲ್ಲಿ ಸುಮ್ಮನಿರುವ ದೋಷ ಭಾರ ಬಿದ್ದಾಗ ಎದ್ದು ಕಾಣುತ್ತದೆ. ಕಾರ್ಕಳದಿಂದ ಬಜಗೋಳಿ, ಮಾಳ ದಾರಿಯಾಗಿ ಕುದುರೆಮುಖದತ್ತ ಹೋಗುವ ರಸ್ತೆ, ಹೆಬ್ರಿಯಿಂದ ಸೋಮೇಶ್ವರ ದಾಟಿ 14 ತಿರುವುಗಳಲ್ಲಿ ಆಗುಂಬೆಗೆ ಏರುವ ರಸ್ತೆ ಎರಡೂ ಇದಕ್ಕೆ ತಕ್ಕವು. ಏರುವಾಗ ಟೆಂಪರೇಚರ್ ಮುಳ್ಳು ಮೇಲೆ ಸರಿದರೆ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ಪರೀಕ್ಷಿಸಬೇಕು. ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಕಾರು ನಿಲ್ಲಿಸಬೇಕು. ಅತಿ ಬಿಸಿಯಲ್ಲಿ ಓಡಿಸಿದರೆ ಹೆಡ್ ಡೊಂಕಾಗುತ್ತದೆ. ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದ ಕ್ಷಣ ನೀಲಿ ಹೊಗೆ ಬುಸ್ಸೆಂದರೆ ವಾಲ್ವ್ ಸೀಲ್ ಸವೆದಿದೆ. ಏರಿನುದ್ದಕ್ಕೂ ನೀಲಿ ಹೊಗೆ ಬಂದರೆ ರಿಂಗ್ ಮೇಲೆ ಸಂಶಯ.

ವ್ಯಾಕ್ಯೂಮ್ ಗೇಜ್ ಬಳಸುವವರು ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಪುವಿನಲ್ಲಿ ಐಡ್ಲಿಂಗ್‌ಗೆ 19 ಇಂಚು ತೋರಿಸುವ ಆರೋಗ್ಯವಂತ ಎಂಜಿನ್, ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ 17ರ ಆಸುಪಾಸು ತೋರಿಸುತ್ತದೆ. ಗಾಳಿಯ ಒತ್ತಡ ಇಳಿದದ್ದೇ ಅದಕ್ಕೆ ಕಾರಣ.

ರೋಟರಿ ಎಂಜಿನ್ನಿನ ವಿಶೇಷ

ಮಜ್ದಾದ ರೋಟರಿ ಸ್ಪೋರ್ಟ್ಸ್ ಕಾರುಗಳು ಭಾರತದ ಷೋರೂಮುಗಳಿಗೆ ಬಂದವಲ್ಲ. ಆದರೆ ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಕುಟುಂಬಗಳಿಗೆ ಅಲ್ಲಿನ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಆರ್‌ಎಕ್ಸ್-8 ಎದುರಾಗಬಹುದು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ಈ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿತು. 1967ರ ಕಾಸ್ಮೊ ಸ್ಪೋರ್ಟ್‌ನಿಂದ ಮೊದಲ್ಗೊಂಡು ಮಜ್ದಾ ಅದನ್ನು ಬೆಳೆಸಿತು. ಪಿಸ್ಟನ್ ಮತ್ತು ವಾಲ್ವ್ ಇದರಲ್ಲಿಲ್ಲ. ಮೂರು ಮೂಲೆಯ ರೋಟರ್ ಕವಚದೊಳಗೆ ಸುತ್ತುತ್ತದೆ. ಮೂಲೆಗಳಲ್ಲಿರುವ ಅಪೆಕ್ಸ್ ಸೀಲ್‌ಗಳೇ ರಿಂಗಿನ ಕೆಲಸ ಮಾಡುತ್ತವೆ.

ಅಪೆಕ್ಸ್ ಸೀಲ್‌ಗೆ ಜಿಡ್ಡು ಒದಗಿಸಲು ಆಯಿಲನ್ನು ಉರಿಯುವ ಕೋಣೆಗೇ ಬಿಡುವುದರಿಂದ ಈ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ದೋಷದ ನಿಜವಾದ ಸುಳಿವು ಬೇರೆಯಿದೆ: ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಕಾರು, ಓಡಿ ಬಿಸಿಯಾಗಿ ನಿಂತ ಮೇಲೆ ಸ್ಟಾರ್ಟ್ ಆಗದಿದ್ದರೆ ಕಂಪ್ರೆಶನ್ ಕುಸಿದಿರಬಹುದು. ಸಾಮಾನ್ಯ ಗೇಜ್ ಮೂರು ಕೋಣೆಗಳಲ್ಲಿ ಗರಿಷ್ಠವಾದದ್ದನ್ನು ಮಾತ್ರ ಹಿಡಿದಿಡುತ್ತದೆ. ಆದ್ದರಿಂದ ಪ್ರತಿ ಕೋಣೆಯನ್ನೂ ಬೇರೆಯಾಗಿ ಅಳೆಯುವ ರೋಟರಿ ಗೇಜ್ ಬೇಕು. ಆರ್‌ಎಕ್ಸ್-8ಕ್ಕೆ ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ 830 ಕಿಲೋಪಾಸ್ಕಲ್ ಸರಿಯಾದ ಅಳತೆ, 680 ಕನಿಷ್ಠ ಮಿತಿ. ಸೆಲ್ಫ್ ನಿಧಾನವಾದರೆ ಅಂಕಿಯೂ ಇಳಿಯುವುದರಿಂದ ಮೊದಲು ಬ್ಯಾಟರಿ ಚಾರ್ಜ್ ಮಾಡಿರಬೇಕು. ಪಕ್ಕಪಕ್ಕದ ಎರಡು ಕೋಣೆ ಇಳಿದಿದ್ದರೆ ನಡುವಿನ ಅಪೆಕ್ಸ್ ಸೀಲ್, ಒಂದೇ ಇಳಿದಿದ್ದರೆ ಸೈಡ್ ಸೀಲ್ ಸಂಶಯಾಸ್ಪದ. ಇನ್ನೊಂದು ತೊಂದರೆ ಬಳಕೆಯದು: ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಕಾರನ್ನು ನಾಲ್ಕು ಮಾರು ಸರಿಸಿ ಆಫ್ ಮಾಡಿದರೆ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆನೆದು ಮುಂದೆ ಸ್ಟಾರ್ಟ್ ಆಗದೇ ಹೋಗಬಹುದು. ಆಗ ಪ್ಲಗ್ ತೆಗೆದು ಒಣಗಿಸಿದರೆ ಸಾಕು, ಎಂಜಿನ್ ಬಿಚ್ಚಬೇಕಿಲ್ಲ.

ರಿಪೇರಿಯ ತೀರ್ಮಾನ

ಎಲ್ಲಾ ಅಳತೆಗಳನ್ನೂ ದಿನಾಂಕ ಮತ್ತು ಕಿಲೋಮೀಟರ್ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕಂಪ್ರೆಶನ್ ಸಮವಾಗಿದ್ದರೆ ಆಯಿಲ್, ಫಿಲ್ಟರ್, ಪ್ಲಗ್, ಕೂಲಂಟ್ ಬದಲಿಸಿ, ರಬ್ಬರ್ ಪೈಪುಗಳನ್ನೂ ಅರ್ತ್ ಸಂಪರ್ಕಗಳನ್ನೂ ಸರಿಪಡಿಸಿ, ಕೋಡ್ ಮತ್ತೆ ಓದಬೇಕು. ಬಹಳಷ್ಟು ದೋಷಗಳು ಈ ಹಂತದಲ್ಲೇ ತೀರುತ್ತವೆ. ಒಂದು ಸಿಲಿಂಡರ್ ಮಾತ್ರ ಇಳಿದಿದ್ದು ಆಯಿಲ್ ಹಾಕಿದಾಗ ಏರದಿದ್ದರೆ ಹೆಡ್ ಇಳಿಸುವ ಕೆಲಸ. ಎಲ್ಲವೂ ಇಳಿದಿದ್ದು ಆಯಿಲ್ ಹಾಕಿದಾಗ ಏರಿದರೆ ಪೂರ್ತಿ ಎಂಜಿನ್ ಕೆಲಸ. ಅದರ ಖರ್ಚನ್ನು ಕಾರಿನ ಬೆಲೆಯ ಎದುರಿಗಿಟ್ಟು ತೂಗಿ ಮುಂದುವರಿಯಬೇಕು. ಅಂಕಿ ಕೈಯಲ್ಲಿದ್ದರೆ ಗ್ಯಾರೇಜಿನಲ್ಲಿ ಯಾವ ಕೆಲಸ ಬೇಕು, ಯಾವುದು ಬೇಡ ಎಂದು ಮಾಲೀಕರೇ ಹೇಳಬಲ್ಲರು. ಆರು ತಿಂಗಳ ನಂತರ ಅವೇ ಅಳತೆಗಳನ್ನು ಮತ್ತೆ ತೆಗೆದು ಹಿಂದಿನದಕ್ಕೆ ಹೋಲಿಸಿದರೆ ಸವೆತ ನಿಂತಿದೆಯೋ ಮುಂದುವರಿದಿದೆಯೋ ಎಂಬುದೂ ಸ್ಪಷ್ಟವಾಗುತ್ತದೆ.