ಬೇರಿಲ್ಲದ ಮಣ್ಣು, ಸೋರುವ ಸಾರಜನಕ

ಒಂದು ಹಿಡಿ ಯೂರಿಯಾ ಚೆಲ್ಲಿಲ್ಲ. ನೇಗಿಲು ಸೋಕಿಲ್ಲ. ಮಾಡಿದ್ದಿಷ್ಟೇ: ಮರ ಕಡಿದು, ಮತ್ತೆ ಹಸಿರು ಚಿಗುರದಂತೆ ತಡೆದದ್ದು. ಅಷ್ಟಕ್ಕೇ ಹಳ್ಳದ ನೀರಿನಲ್ಲಿ ನೈಟ್ರೇಟ್ ನಲವತ್ತು ಪಟ್ಟು ಏರಿಬಿಟ್ಟಿತು! ಎಲ್ಲಿಂದ ಬಂತು ಅಷ್ಟೊಂದು ಸಾರಜನಕ?

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಬರ್ಡ್ ಬ್ರೂಕ್ ಎಂಬ ಸಂಶೋಧನಾ ಕಾಡಿದೆ. ಅಲ್ಲಿನ ತಳಬಂಡೆಯೊಳಕ್ಕೆ ನೀರು ಇಳಿಯುವುದೇ ಇಲ್ಲವೆನ್ನಬಹುದು. ಬಿದ್ದ ಮಳೆ ಆವಿಯಾಗಬೇಕು, ಇಲ್ಲವೇ ಹಳ್ಳಕ್ಕೇ ಬರಬೇಕು. ಹಳ್ಳಕ್ಕೆ ಅಡ್ಡಲಾಗಿ ಕಾಂಕ್ರೀಟ್ ಕಟ್ಟೆ, ಅದರಲ್ಲೊಂದು 'ವಿ' ಆಕಾರದ ಕಂಡಿ. ಅಲ್ಲಿ ಹಾಯುವ ನೀರನ್ನು ಅಳೆದು ಪರೀಕ್ಷಿಸಿದರೆ ಇಡೀ ಕಣಿವೆಯ ಜಮಾಖರ್ಚು ಕೈಗೆ ಸಿಗುತ್ತದೆ!

1965ರ ಚಳಿಗಾಲದಲ್ಲಿ ಸುಮಾರು 15 ಹೆಕ್ಟೇರಿನ ಒಂದು ಕಣಿವೆಯ ಮರಗಳನ್ನೆಲ್ಲ ಉರುಳಿಸಿ, ಬಿದ್ದಲ್ಲೇ ಬಿಟ್ಟರು. ಮಣ್ಣು ಕದಡಬಾರದೆಂದು ರಸ್ತೆಯನ್ನೂ ಮಾಡಲಿಲ್ಲ. ಮುಂದಿನ ಮೂರು ಬೇಸಿಗೆ ಕಳೆನಾಶಕ ಹೊಡೆದರು. ವಿಜ್ಞಾನಿಗಳಾದ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು ನೀರನ್ನು ಪರೀಕ್ಷಿಸಿದಾಗ ಕಂಡದ್ದೇನು? ಕಾಡಿನ ತಿಳಿ ಹಳ್ಳದಲ್ಲಿ ಕುಡಿಯುವ ನೀರಿನ ಮಿತಿಯನ್ನೂ ಮೀರಿದ ನೈಟ್ರೇಟ್!

ಗುಟ್ಟು ಮಣ್ಣಿನಲ್ಲೇ ಇತ್ತು. ತರಗೆಲೆ ಕೊಳೆತಾಗ ಅಮೋನಿಯಂ ಹುಟ್ಟುತ್ತದೆ. ಅದಕ್ಕೆ ಧನ ವಿದ್ಯುದಂಶ, ಜೇಡಿಕಣಕ್ಕೆ ಋಣ. ಹಾಗಾಗಿ ಅದು ಮಣ್ಣಿಗೆ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನೇ ನೈಟ್ರೇಟ್ ಮಾಡಿದವೋ, ಅದೂ ಋಣವಾಗುತ್ತದೆ. ಇನ್ನು ಹಿಡಿದಿಡುವ ಶಕ್ತಿ ಮಣ್ಣಿಗಿಲ್ಲ. ಹೀರಿಕೊಳ್ಳಲು ಜೀವಂತ ಬೇರಿದ್ದರೆ ಉಳಿಯಿತು. ಇಲ್ಲದಿದ್ದರೆ ಮಳೆಯ ಪಾಲು!

ಇದೇ ಕಣ್ಣಿನಿಂದ ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲ ನೋಡಿ. ಇಲ್ಲಿ ಗೊಬ್ಬರವೂ ಉಂಟು, ಕಪ್ಪು ಮಣ್ಣಿನೊಳಗಿನ ಹಳೆಯ ಸಾರಜನಕವೂ ಉಂಟು. ಕಟಾವಿನಿಂದ ಮುಂದಿನ ಬಿತ್ತನೆಯವರೆಗೆ ಎಷ್ಟೋ ಹೊಲಗಳು ಬರಿದು. ವಸಂತದ ಮಳೆ ಬಿದ್ದಾಗ ನೈಟ್ರೇಟ್ ನೆಲದಡಿಯ ಬಸಿಗೊಳವೆಗಳ ದಾರಿ ಹಿಡಿದು ಮಿಸ್ಸಿಸ್ಸಿಪ್ಪಿ ನದಿಗಿಳಿಯುತ್ತದೆ. ಆ ನದಿ ಸೇರುವ ಮೆಕ್ಸಿಕೊ ಕೊಲ್ಲಿಯಲ್ಲಿ ಅದನ್ನುಂಡು ಪಾಚಿ ಉಕ್ಕಿ, ಸತ್ತು, ಕೊಳೆಯುತ್ತ ತಳದ ಆಮ್ಲಜನಕದ ಬಹುಪಾಲನ್ನು ಮುಗಿಸುತ್ತದೆ. 2017ರಲ್ಲಿ ಹಾಗೆ ಉಸಿರುಗಟ್ಟಿದ ಕಡಲು 22 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು!

ಹಬರ್ಡ್ ಬ್ರೂಕ್‌ನ ಇನ್ನೊಂದು ಅಚ್ಚರಿ ಕೇಳಿ. ಕಳೆನಾಶಕ ನಿಂತದ್ದೇ ತಡ, ಹಸಿರು ನುಗ್ಗಿ ಬಂತು. ದಶಕಗಟ್ಟಲೆ ಮಣ್ಣಲ್ಲಿ ಮಲಗಿರಬಲ್ಲ ಪಿನ್ ಚೆರ್ರಿ ಬೀಜಗಳೂ ಎದ್ದು ನಿಂತವು! ಕೆಲವೇ ವರ್ಷಗಳಲ್ಲಿ ಹಳ್ಳದ ನೈಟ್ರೇಟ್ ಇಳಿಯಿತು.

ಜೀವಂತ ಬೇರಿನ ಈ ಉಪಾಯ ಹೊಲದಲ್ಲೂ ನಡೆಯುತ್ತದೆ. ಮೆಕ್ಕೆಜೋಳದ ಕಟಾವಾದ ಮೇಲೆ ರೈ ಎಂಬ ಚಳಿಗಾಲದ ಧಾನ್ಯ ಬಿತ್ತಿದರೆ ನೈಟ್ರೇಟ್ ನಷ್ಟ ಸರಾಸರಿ 31% ತಗ್ಗುತ್ತದೆಂದು ಅಯೋವಾ ರಾಜ್ಯದ ಕಾರ್ಯಯೋಜನೆಯೇ ಲೆಕ್ಕ ಹಾಕಿದೆ. ನದಿ ಉಳಿಯಬೇಕಾದರೆ ಗೊಬ್ಬರ ಎಷ್ಟು ಹಾಕಿದೆವು ಎಂದು ಕೇಳಿದರೆ ಸಾಲದು. ಬೆಳೆ ಇಲ್ಲದ ತಿಂಗಳುಗಳಲ್ಲಿ ಹೊಲದೊಳಗೆ ಯಾವ ಬೇರು ದುಡಿಯುತ್ತಿದೆ ಎಂದೂ ಕೇಳಬೇಕು.