ನೆಲದ ಶಾಖ ಮನೆಗೆ

ನೆಲದ ಮೇಲ್ಪದರ ಬಿಸಿಲಿಗೆ ಕಾಯುತ್ತದೆ, ಚಳಿಗೆ ತಣಿಯುತ್ತದೆ. ಹತ್ತು ಹದಿನೈದು ಮೀಟರ್ ಆಳಕ್ಕೆ ಇಳಿದರೆ ಈ ಏರಿಳಿತ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಲ್ಲಿ ವರ್ಷವಿಡೀ ಇರುವುದು ಆ ಊರಿನ ಸರಾಸರಿ ಉಷ್ಣತೆಗೆ ಹತ್ತಿರದ ಉಷ್ಣತೆ. ಸ್ಟಾಕ್‌ಹೋಮ್ ಸುತ್ತಮುತ್ತ ಇದು ಸುಮಾರು 8 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಶೂನ್ಯಕ್ಕಿಂತ ಬಹಳ ಕೆಳಗಿಳಿದ ದಿನ ಈ ನೆಲ ಗಾಳಿಗಿಂತ ಬೆಚ್ಚಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಗಾಳಿಗಿಂತ ತಣ್ಣಗಿರುತ್ತದೆ. ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡಲು, ಬೇಸಿಗೆಯಲ್ಲಿ ತಂಪಾಗಿಡಲು ಈ ವ್ಯತ್ಯಾಸವನ್ನು ಬಳಸಿಕೊಳ್ಳುವ ಯಂತ್ರವೇ ನೆಲದ ಹೀಟ್ ಪಂಪ್.

ಇದಕ್ಕೂ ಬಿಸಿನೀರಿನ ಬುಗ್ಗೆಗಳಿಗೂ ಸಂಬಂಧವಿಲ್ಲ. ಐಸ್‌ಲ್ಯಾಂಡಿನ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳನ್ನು ಭೂಗರ್ಭದಿಂದ ಬರುವ ಬಿಸಿನೀರು ನೇರವಾಗಿ ಬೆಚ್ಚಗಿಡುತ್ತದೆ. ಅಂಥ ಸೌಲಭ್ಯ ಜ್ವಾಲಾಮುಖಿಗಳ ನಾಡಿಗಷ್ಟೇ ಸುಲಭ. ಹೀಟ್ ಪಂಪ್ ಬಳಸುವುದು ಆಳವಿಲ್ಲದ ನೆಲದ ಶಾಖವನ್ನು. ಅದರ ಬಹುಪಾಲು ಸೂರ್ಯನಿಂದ ಬಂದು ಮಣ್ಣು ಕಲ್ಲುಗಳಲ್ಲಿ ಸೇರಿಕೊಂಡದ್ದು. ಹಾಗಾಗಿ ಅದು ಎಲ್ಲ ಊರುಗಳಲ್ಲೂ ಉಂಟು.

ವ್ಯವಸ್ಥೆಯ ಮೊದಲ ಭಾಗ ಭೂಮಿಯೊಳಗಿನ ಪ್ಲಾಸ್ಟಿಕ್ ಪೈಪು. ಜಾಗ ಧಾರಾಳವಾಗಿದ್ದರೆ ಒಂದೆರಡು ಮೀಟರ್ ಆಳದ ಕಾಲುವೆ ತೋಡಿ ಅದನ್ನು ಅಡ್ಡಲಾಗಿ ಹೂಳುತ್ತಾರೆ. ಜಾಗ ಕಡಿಮೆಯಿದ್ದರೆ ಕೊಳವೆಬಾವಿ ಕೊರೆದು, ಇಂಗ್ಲಿಷಿನ ‘ಯು’ ಆಕಾರದಲ್ಲಿ ಇಳಿಬಿಡುತ್ತಾರೆ. ಸ್ವೀಡನ್ನಿನಲ್ಲಿ ಇಂಥ ಬಾವಿಗಳ ಆಳ ಸಾಮಾನ್ಯವಾಗಿ 100 ಮೀಟರ್ ದಾಟುತ್ತದೆ. ಹೆಪ್ಪುಗಟ್ಟದಂತೆ ಆಲ್ಕೋಹಾಲ್ ಬೆರೆಸಿದ ನೀರು ಪೈಪಿನಲ್ಲಿ ಸದಾ ಸುತ್ತುತ್ತಿರುತ್ತದೆ. ಅಂತರ್ಜಲವನ್ನು ಎತ್ತುವುದಿಲ್ಲ, ನೆಲದಿಂದ ಮೇಲೆ ಬರುವುದು ಶಾಖ ಮಾತ್ರ.

ಎರಡನೆಯ ಭಾಗ ಮನೆಯೊಳಗಿನ ಯಂತ್ರ. ತಂಗಳುಪೆಟ್ಟಿಗೆ ಒಳಗಿನ ಶಾಖವನ್ನು ಹೀರಿ ಬೆನ್ನಿನ ಕಡೆಯಿಂದ ಹೊರಹಾಕುವಂತೆಯೇ ಇದರ ಕೆಲಸ. ನೆಲದಿಂದ ಬಂದ ದ್ರವ, ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವ ಶೀತಕಕ್ಕೆ ಶಾಖ ಕೊಡುತ್ತದೆ. ಶೀತಕ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ಬಿಸಿಯಾದ ಆವಿ ಮನೆಯ ರೇಡಿಯೇಟರಿಗೋ ನೆಲಹಾಸಿನ ಕೆಳಗಿನ ಕೊಳವೆಗೋ ಹೋಗುವ ನೀರನ್ನು ಕಾಯಿಸಿ, ತಾನು ಮತ್ತೆ ದ್ರವವಾಗುತ್ತದೆ. ಕಿರಿದಾದ ಕವಾಟದ ಮೂಲಕ ಹಾಯುವಾಗ ಒತ್ತಡ ಇಳಿದು ತಣ್ಣಗಾಗುತ್ತದೆ. ಸುತ್ತು ಮೊದಲಿನಿಂದ ಆರಂಭವಾಗುತ್ತದೆ.

ಬೇಸಿಗೆಯಲ್ಲಿ ಇದೇ ದಾರಿ ತಿರುವುಮುರುವು. ಮನೆಯ ಶಾಖ ನೆಲಕ್ಕೆ ಇಳಿಯುತ್ತದೆ. ಸ್ವೀಡನ್ನಿನಂಥ ತಂಪು ದೇಶದಲ್ಲಿ ಎಷ್ಟೋ ಸಲ ಕಂಪ್ರೆಸರ್ ಕೂಡ ಬೇಕಾಗುವುದಿಲ್ಲ, ಬಾವಿಯ ತಣ್ಣನೆಯ ದ್ರವವನ್ನು ಸುತ್ತಿಸಿದರೇ ಸಾಕು. ಹಾಗೆ ಇಳಿದ ಶಾಖ ಮುಂದಿನ ಚಳಿಗಾಲಕ್ಕೆ ನೆಲದಲ್ಲಿ ಜಮೆಯಾಗುತ್ತದೆ.

ಉಳಿತಾಯದ ಗುಟ್ಟು ಇಲ್ಲಿದೆ: ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದ ಕಡೆಯಿಂದ ಬೇಕಾದ ಕಡೆಗೆ ಸಾಗಿಸುತ್ತದೆ. ಸಾಮಾನ್ಯ ವಿದ್ಯುತ್ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಟ್ಟರೆ, ನೆಲದ ಹೀಟ್ ಪಂಪ್ ಮೂರರಿಂದ ನಾಲ್ಕು ಯೂನಿಟ್ ಕೊಡುತ್ತದೆ. ಗಾಳಿಯಿಂದ ಶಾಖ ಹೀರುವ ಪಂಪುಗಳು ಕಡುಚಳಿಯಲ್ಲಿ ಸೊರಗುತ್ತವೆ, ಅವುಗಳ ಮೇಲೆ ಮಂಜು ಕಟ್ಟುತ್ತದೆ; ನೆಲದ ಪಂಪಿಗೆ ಆ ತೊಂದರೆ ಇಲ್ಲ. ಮನೆಯ ಹೊರಗೆ ಸದ್ದು ಮಾಡುವ ಫ್ಯಾನು ಇಲ್ಲ, ಬೀದಿಗೆ ಬಿಸಿಗಾಳಿ ಉಗುಳುವುದೂ ಇಲ್ಲ. ನೆಲದೊಳಗಿನ ಪೈಪು 50 ವರ್ಷಕ್ಕೂ ಹೆಚ್ಚು ಕಾಲ, ಒಳಗಿನ ಯಂತ್ರ ಇಪ್ಪತ್ತು ವರ್ಷಗಳಷ್ಟು ಬಾಳುತ್ತದೆ.

ಹೀಟ್ ಪಂಪಿನ ಕಲ್ಪನೆಯನ್ನು 1852ರಲ್ಲೇ ಲಾರ್ಡ್ ಕೆಲ್ವಿನ್ ಮುಂದಿಟ್ಟಿದ್ದರು. ನೆಲದಿಂದ ಶಾಖ ಪಡೆಯುವ ವಿಧಾನಕ್ಕೆ 1912ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹೈನ್ರಿಕ್ ಜೋಲಿ ಪೇಟೆಂಟ್ ಪಡೆದರು. ಅದು ಮನೆಮನೆಗೆ ತಲುಪಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. ತೈಲ ಉರಿಸಿ ಮನೆ ಕಾಯಿಸುತ್ತಿದ್ದ ಸ್ವೀಡನ್ ಬೇರೆ ದಾರಿ ಹುಡುಕಿತು; 1991ರಲ್ಲಿ ಇಂಗಾಲದ ತೆರಿಗೆಯನ್ನೂ ಹೇರಿತು. ಇಂದು ಅಲ್ಲಿನ ಲಕ್ಷಗಟ್ಟಲೆ ಮನೆಗಳು ನೆಲದ ಶಾಖದಿಂದಲೇ ಬೆಚ್ಚಗಿವೆ. ವಿದ್ಯುತ್ತಿನ ಬಹುಪಾಲು ಜಲ, ಪರಮಾಣು ಮತ್ತು ಗಾಳಿಯಿಂದ ಬರುವುದರಿಂದ ಹೊಗೆಯ ಲೆಕ್ಕವೂ ಬಹಳ ಕಡಿಮೆ. ಅಮೆರಿಕದ ಇಂಡಿಯಾನಾದಲ್ಲಿ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಸುಮಾರು 3,600 ಬಾವಿಗಳನ್ನು ಕೊರೆಸಿ, 2014ರಲ್ಲಿ ತನ್ನ ಕಲ್ಲಿದ್ದಲ ಬಾಯ್ಲರುಗಳನ್ನು ಆರಿಸಿತು.

ಮಿತಿಗಳೂ ಇವೆ. ಬಾವಿ ಕೊರೆಯುವ ಖರ್ಚು ಮೊದಲಿಗೇ ಭಾರವಾಗುತ್ತದೆ. ತಿಂಗಳ ಬಿಲ್ಲಿನ ಉಳಿತಾಯದಿಂದ ಅದು ತೀರಲು ವರ್ಷಗಳು ಬೇಕು. ಒತ್ತೊತ್ತಾಗಿ ಬಾವಿ ಕೊರೆದರೆ ಅವು ಪರಸ್ಪರರ ಶಾಖವನ್ನು ಕಸಿಯುತ್ತವೆ. ಕೆಲವು ಶೀತಕಗಳು ಸೋರಿದರೆ ವಾತಾವರಣವನ್ನು ಬಿಸಿಮಾಡುವ ಅನಿಲಗಳಾಗುತ್ತವೆ. ತೆಗೆಯುವ ಶಾಖ ಮತ್ತು ತುಂಬುವ ಶಾಖ ವರ್ಷದ ಕೊನೆಗೆ ಹೆಚ್ಚುಕಡಿಮೆ ಸರಿತೂಗುವ ಊರುಗಳಲ್ಲಿ ಈ ವ್ಯವಸ್ಥೆ ಚೆನ್ನಾಗಿ ಒಗ್ಗುತ್ತದೆ. ದಕ್ಷಿಣ ಕರ್ನಾಟಕದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸ್ವೀಡನ್ನಿನ ಶಿಲೆಗಳಂತೆಯೇ ಶಾಖವನ್ನು ಚೆನ್ನಾಗಿ ಸಾಗಿಸುತ್ತವೆ. ಆದರೆ ಇಲ್ಲಿನ ಆಳದ ನೆಲವೇ ಬೆಚ್ಚಗಿದೆ, ಮನೆಗಳಿಗೆ ಬೇಕಾದದ್ದು ತಂಪು ಮಾತ್ರ. ವರ್ಷವಿಡೀ ಶಾಖವನ್ನು ತುಂಬುತ್ತಲೇ ಹೋದರೆ ಬಾವಿಯ ಸುತ್ತಲಿನ ಬಂಡೆ ಕ್ರಮೇಣ ಕಾದು, ಯಂತ್ರದ ದಕ್ಷತೆ ಕುಗ್ಗುತ್ತದೆ. ಇಂಥ ಕಡೆ ಹೆಚ್ಚು ಆಳದ ಅಥವಾ ಹೆಚ್ಚು ಅಂತರದ ಬಾವಿಗಳು, ರಾತ್ರಿ ಹೊತ್ತು ಶಾಖವನ್ನು ಗಾಳಿಗೆ ಬಿಡುವ ಕೂಲಿಂಗ್ ಟವರ್, ಸ್ನಾನದ ನೀರು ಕಾಯಿಸಲು ಅದೇ ಶಾಖದ ಬಳಕೆ – ಇವುಗಳನ್ನು ಜೊತೆಗೂಡಿಸಿಯೇ ಯೋಜನೆ ಹಾಕಬೇಕಾಗುತ್ತದೆ.